ಮುದ್ದೆ ಗೆದ್ದಿತೋ, ಹಿಡಿ ಕಡಲೆಬೀಜ ಗೆದ್ದಿತೋ?



ಮೊದಲು ಒಂದು ಪ್ರಶ್ನೆ. ಒಂದು ತಟ್ಟೆಯಲ್ಲಿ ಬಿಸಿ ಬಿಸಿ ರಾಗಿ ಮುದ್ದೆ ಇದೆ. ಅದರ ತೂಕ ಸುಮಾರು 300 ಗ್ರಾಂ. ಇನ್ನೊಂದು ತಟ್ಟೆಯಲ್ಲಿ ಒಂದು ಹಿಡಿ ಕಡಲೆಬೀಜ ಇದೆ. ನನ್ನ ಹಿಡಿ ಅಲ್ಲ, ನಮ್ಮಪ್ಪನ ಹಿಡಿ, ತೂಕ 60 ಗ್ರಾಂ. ಎರಡರಲ್ಲಿ ಯಾವುದರಲ್ಲಿ ಶಕ್ತಿ ಜಾಸ್ತಿ? ಇದನ್ನು ನಮ್ಮ ತರಗತಿಯಲ್ಲಿ 31 ಜನಕ್ಕೆ ಕೇಳಿದೆ. 29 ಜನ ಮುದ್ದೆ ಅಂದ್ರು. ಒಬ್ಬ ಎರಡೂ ಸಮ ಅಂದ. ಒಬ್ಬಳು "ಕಡಲೆಬೀಜ ಕೊಟ್ಟರೆ ಹೇಳ್ತೀನಿ" ಅಂದ್ಲು.

ಉತ್ತರ ಏನು ಗೊತ್ತಾ? ಮುದ್ದೆಯಲ್ಲಿ 328 ಕ್ಯಾಲೊರಿ, ಹಿಡಿ ಕಡಲೆಬೀಜದಲ್ಲಿ 340 ಕ್ಯಾಲೊರಿ. ಅಂದರೆ ಸಮ ಅಂದವನೇ ಹೆಚ್ಚು ಕಡಿಮೆ ಸರಿ. ಅವನು ಯೋಚನೆ ಮಾಡಿ ಹೇಳಲಿಲ್ಲ, ತಪ್ಪಿಸಿಕೊಳ್ಳೋಕೆ ಹೇಳಿದ್ದು. ಆದರೂ ಸರಿ.

ಕ್ಯಾಲೊರಿ ಎಂದರೇನು? ಅದು ಶಾಖವನ್ನು ಅಳೆಯುವ ಅಳತೆ. ಉದ್ದಕ್ಕೆ ಮೀಟರ್, ತೂಕಕ್ಕೆ ಗ್ರಾಂ ಇದ್ದ ಹಾಗೆ. ಒಂದು ಲೀಟರ್ ನೀರಿನ ಬಿಸಿಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಎಷ್ಟು ಶಾಖ ಬೇಕೋ ಅಷ್ಟಕ್ಕೆ ಒಂದು ಕಿಲೋಕ್ಯಾಲೊರಿ ಎನ್ನುತ್ತಾರೆ. ಊಟದ ವಿಷಯ ಮಾತಾಡುವಾಗ ಎಲ್ಲರೂ ಕಿಲೋ ಬಿಟ್ಟು ಬರೀ ಕ್ಯಾಲೊರಿ ಅಂತಾರೆ. ನಾನೂ ಹಾಗೇ ಬರೆಯುತ್ತೇನೆ. ಹಂಡೆಯ ನೀರಿನ ಲೆಕ್ಕದಲ್ಲಿ ಹೇಳೋದಾದರೆ, 25 ಡಿಗ್ರಿಯ ಒಂದು ಲೀಟರ್ ನೀರನ್ನು 100 ಡಿಗ್ರಿಗೆ ತರಲು 75 ಕ್ಯಾಲೊರಿ ಬೇಕು. ಹಾಗಾದರೆ ಒಂದು ಮುದ್ದೆಯ ಶಕ್ತಿಯಲ್ಲಿ ನಾಲ್ಕು ಲೀಟರಿಗಿಂತ ಜಾಸ್ತಿ ನೀರು ಕುದಿಯುವಷ್ಟು ಬಿಸಿ ಆಗುತ್ತೆ! ಅದನ್ನು ತಿಂದು ನಾವು ಕುದಿಯುವುದಿಲ್ಲ ಯಾಕೆ ಅಂದರೆ ದೇಹ ಅದನ್ನು ಒಂದೇ ಸಲ ಉರಿಸುವುದಿಲ್ಲ, ನಿಧಾನವಾಗಿ ಗಂಟೆಗಟ್ಟಲೆ ಉರಿಸುತ್ತೆ.

ತಿನ್ನುವುದೂ ಉರಿಯುವುದೂ ಒಂದೇ ಜಾತಿ ಕೆಲಸ ಎಂದು ಮೊದಲು ತೋರಿಸಿದವರು ಫ್ರಾನ್ಸ್ ದೇಶದ ಲವಾಸಿಯೇ. 1780ರ ದಶಕದಲ್ಲಿ ಅವರು ಒಂದು ಗಿನಿಯಿಲಿಯನ್ನು ಪಾತ್ರೆಯಲ್ಲಿ ಕೂರಿಸಿ, ಸುತ್ತ ಮಂಜುಗಡ್ಡೆ ತುಂಬಿ, ಇಲಿಯ ಮೈಬಿಸಿಗೆ ಎಷ್ಟು ಮಂಜು ಕರಗಿತು ಅಂತ ಅಳೆದರು. ಪಾಪ, ಅಂಥ ವಿಜ್ಞಾನಿಯ ತಲೆಯನ್ನು 1794ರಲ್ಲಿ ಅಲ್ಲಿನ ಕ್ರಾಂತಿಯ ಕಾಲದಲ್ಲಿ ಕಡಿದು ಹಾಕಿದರು. ಗಿನಿಯಿಲಿಗೆ ಏನೂ ಆಗಲಿಲ್ಲ ಅಂತ ಅಂದುಕೊಂಡಿದ್ದೀನಿ. ಆಮೇಲೆ 1890ರ ದಶಕದಲ್ಲಿ ಅಮೆರಿಕಾದ ಅಟ್‌ವಾಟರ್ ಎಂಬುವವರು ಇಲಿ ಬಿಟ್ಟು ಮನುಷ್ಯನನ್ನೇ ಒಂದು ಚಿಕ್ಕ ಕೋಣೆಯಲ್ಲಿ ದಿನಗಟ್ಟಲೆ ಇರಿಸಿ ಲೆಕ್ಕ ಹಾಕಿದರು. ಅವರು ಕೊಟ್ಟ ಸೂತ್ರ ಬಹಳ ಸುಲಭ. ಎಲ್ಲರೂ ಬಾಯಿಪಾಠ ಮಾಡಬಹುದು: ಪಿಷ್ಟ 1 ಗ್ರಾಂಗೆ 4, ಸಸಾರಜನಕ 1 ಗ್ರಾಂಗೆ 4, ಕೊಬ್ಬು 1 ಗ್ರಾಂಗೆ 9 ಕ್ಯಾಲೊರಿ. ನೀರಿಗೆ ಸೊನ್ನೆ. ಉಪ್ಪಿಗೂ ಸೊನ್ನೆ.

ರಾಗಿಗೆ ಈ ಸೂತ್ರ ಹಾಕಿ ನೋಡಿ. 100 ಗ್ರಾಂ ರಾಗಿಯಲ್ಲಿ ಸಸಾರಜನಕ 7.3, ಕೊಬ್ಬು 1.3, ಪಿಷ್ಟ 72 ಗ್ರಾಂ. ಗುಣಿಸಿ ಕೂಡಿದರೆ 328 ಬರುತ್ತೆ, ಮೇಲೆ ಸ್ವಲ್ಪ ಚಿಲ್ಲರೆ. ಕಡಲೆಬೀಜದಲ್ಲಿ ಸಸಾರಜನಕ 25.3, ಕೊಬ್ಬು 40.1, ಪಿಷ್ಟ 26.1. ಕೂಡಿದರೆ 567. ಕೊಬ್ಬಿನ 9 ಬಂದು ಸೇರಿದ್ದಕ್ಕೆ ಅಷ್ಟಾಯಿತು.

ಈ ಅಂಕಿಗಳನ್ನೆಲ್ಲ ನಾನು ಹುಟ್ಟಿಸಿಲ್ಲ. ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. ಅದು 1918ರಲ್ಲಿ ಕೂನೂರಿನಲ್ಲಿ ಒಂದೇ ಕೋಣೆಯಲ್ಲಿ ಶುರುವಾಗಿ, 1958ರಲ್ಲಿ ಹೈದರಾಬಾದಿಗೆ ಹೋಯಿತು. ಅವರು ನಮ್ಮ ದೇಶದ ಆಹಾರಗಳ ಪುಸ್ತಕ ಮಾಡಿದ್ದಾರೆ. 1971ರಲ್ಲಿ ಬಂದು 1989ರಲ್ಲಿ ತಿದ್ದಿದ್ದು. ಅದು ಇಂಗ್ಲಿಷಿನಲ್ಲಿದೆ. ನಮ್ಮ ವಿಜ್ಞಾನದ ಮೇಷ್ಟ್ರು ಓದಿ ಹೇಳಿದರು, ನಾನು ಬರೆದುಕೊಂಡೆ. 2017ರಲ್ಲಿ ಅವರದೇ ಹೊಸ ಪಟ್ಟಿ ಬಂದಿದೆ. ಅದರಲ್ಲಿ ರಾಗಿ ಸುಮಾರು 320, ಅಕ್ಕಿ 356 ಅಂತ ಸ್ವಲ್ಪ ಆಚೀಚೆ ಇದೆ. ನಮ್ಮ ಮನೆ ಲೆಕ್ಕಕ್ಕೆ ಅಷ್ಟು ವ್ಯತ್ಯಾಸ ದೊಡ್ಡದಲ್ಲ.

ನಂಬಿಕೆ ಬರಲಿಲ್ಲ ಅಂತ ನಾವೇ ಒಂದು ಪ್ರಯೋಗ ಮಾಡಿದೆವು. 20 ಕಡಲೆಬೀಜ ತೂಗಿದರೆ 10 ಗ್ರಾಂ ಬಂತು. ಅಂದರೆ ಒಂದು ಬೀಜ ಅರ್ಧ ಗ್ರಾಂ. ಒಂದು ಬೀಜವನ್ನು ಗುಂಡುಸೂಜಿಗೆ ಚುಚ್ಚಿ ಬೆಂಕಿ ಹಚ್ಚಿ, ಪ್ರನಾಳದಲ್ಲಿ 20 ಮಿ.ಲೀ. ನೀರು ಹಾಕಿ ಮೇಲೆ ಹಿಡಿದೆವು. ಅಬ್ಬಾ, ಆ ಪುಟ್ಟ ಬೀಜ ದೀಪದ ಬತ್ತಿಯ ಹಾಗೆ ಉರಿಯಿತು! ನೀರು 25 ಡಿಗ್ರಿಯಿಂದ 67 ಡಿಗ್ರಿಗೆ ಏರಿತು. ಲೆಕ್ಕ ಹಾಕಿದರೆ 0.84 ಕ್ಯಾಲೊರಿ ಆಯಿತು. ಪುಸ್ತಕದ ಪ್ರಕಾರ ಅರ್ಧ ಗ್ರಾಂಗೆ 2.8 ಬರಬೇಕು. ನಾನು ಪುಸ್ತಕ ತಪ್ಪು ಅಂದೆ. ಮೇಷ್ಟ್ರು ನಕ್ಕು "ಪ್ರನಾಳದ ಪಕ್ಕ ಕೈ ಹಿಡಿ" ಅಂದ್ರು. ಪಕ್ಕದಲ್ಲೆಲ್ಲ ಬಿಸಿ. ಮುಕ್ಕಾಲು ಪಾಲು ಶಾಖ ಗಾಳಿಗೇ ಹೋಗಿತ್ತು. ದೊಡ್ಡ ಪ್ರಯೋಗಶಾಲೆಯಲ್ಲಿ ಗಟ್ಟಿ ಉಕ್ಕಿನ ಡಬ್ಬಿಯೊಳಗೆ ಆಮ್ಲಜನಕ ತುಂಬಿ ಆಹಾರ ಉರಿಸುತ್ತಾರೆ, ಡಬ್ಬಿ ಪೂರ್ತಿ ನೀರಲ್ಲಿ ಮುಳುಗಿರುತ್ತೆ, ಹಾಗಾಗಿ ಶಾಖ ತಪ್ಪಿಸಿಕೊಳ್ಳಲ್ಲ. (ಈ ಪ್ರಯೋಗವನ್ನು ಮೇಷ್ಟ್ರಿಲ್ಲದೆ ಮಾಡಬೇಡಿ. ನನ್ನ ಗೆಳತಿಯ ಜಡೆಯ ತುದಿ ಸ್ವಲ್ಪದರಲ್ಲಿ ಉಳಿಯಿತು.)

ಈಗ ನನಗೆ ಆಶ್ಚರ್ಯ ಆದ ಸಂಗತಿಗಳನ್ನು ಹೇಳುತ್ತೇನೆ. ಎಲ್ಲ 100 ಗ್ರಾಂ ಲೆಕ್ಕ.

ಬೆಲ್ಲ 383, ಸಕ್ಕರೆ 398. ಬೆಲ್ಲ ಒಳ್ಳೇದು ಅಂತ ನಮ್ಮಜ್ಜಿ ದಪ್ಪ ದಪ್ಪ ಅಚ್ಚು ಕಡೀತಾರೆ, ಕ್ಯಾಲೊರಿ ಮಾತ್ರ ಹೆಚ್ಚು ಕಡಿಮೆ ಅಷ್ಟೇ. ರಾಗಿ 328, ಅಕ್ಕಿ 345. ಇದೂ ಹತ್ತಿರ ಹತ್ತಿರ. ಮುದ್ದೆ ತಿಂದವನು ಗಟ್ಟಿ, ಅನ್ನ ತಿಂದವನು ಪುಳ್ಳೆ ಅನ್ನುತ್ತಾರಲ್ಲ, ಅದು ಕ್ಯಾಲೊರಿಯಿಂದ ಬಂದದ್ದಲ್ಲ. ರಾಗಿಯಲ್ಲಿ ಸುಣ್ಣದ ಅಂಶ 344 ಮಿಲಿಗ್ರಾಂ, ಅಕ್ಕಿಯಲ್ಲಿ 10 ಮಾತ್ರ. ರಾಗಿಯ ದೊಡ್ಡಸ್ತಿಕೆ ಅಲ್ಲಿದೆ.

ಸೌತೆಕಾಯಿ 13, ಟೊಮೆಟೊ 20, ಬದನೆಕಾಯಿ 24, ಮಜ್ಜಿಗೆ 15. ಇವೆಲ್ಲ ಮುಕ್ಕಾಲುವಾಸಿಗಿಂತ ಜಾಸ್ತಿ ನೀರೇ. ಆದರೆ ಬದನೆಕಾಯಿಯನ್ನು ಎಣ್ಣೆಗಾಯಿ ಮಾಡಿದರೆ ಏನಾಗುತ್ತೆ ನೋಡಿ. ಅಮ್ಮ ಮಾಡುವಾಗ ಪಕ್ಕದಲ್ಲೇ ತಕ್ಕಡಿ ಇಟ್ಟುಕೊಂಡು ಕೂತಿದ್ದೆ. ಬದನೆಕಾಯಿ 200 ಗ್ರಾಂ, ಅದಕ್ಕೆ 48. ಕಡಲೆಬೀಜ 30 ಗ್ರಾಂ, 170. ಎಳ್ಳು 10 ಗ್ರಾಂ, 56. ಕೊಬ್ಬರಿ 10 ಗ್ರಾಂ, 66. ಎಣ್ಣೆ 30 ಗ್ರಾಂ, 270. ಒಟ್ಟು 610 ಕ್ಯಾಲೊರಿ. ಅದರಲ್ಲಿ ಬದನೆಕಾಯಿಯ ಪಾಲು 48 ಅಷ್ಟೇ! ಎಣ್ಣೆಗಾಯಿ ಅಂತ ಹೆಸರಿಟ್ಟವರು ಕ್ಯಾಲೊರಿ ಗೊತ್ತಿಲ್ಲದೆಯೇ ಸರಿಯಾಗಿ ಇಟ್ಟಿದ್ದಾರೆ.

ಒಬ್ಬಟ್ಟಿನ ಲೆಕ್ಕ ಕೇಳಿ. ಒಂದು ಒಬ್ಬಟ್ಟಿಗೆ ಮೈದಾ 25 ಗ್ರಾಂ, ತೊಗರಿಬೇಳೆ 25, ಬೆಲ್ಲ 25, ಎಣ್ಣೆ 5, ಮೇಲೆ ಒಂದು ಚಮಚ ತುಪ್ಪ 5 ಗ್ರಾಂ. ಕೂಡಿದರೆ 357. ಮುದ್ದೆಗಿಂತ ಜಾಸ್ತಿ. ಯುಗಾದಿ ದಿನ ನನ್ನ ತಮ್ಮ ನಾಲ್ಕು ತಿಂದ. ಅದು 1,428. ಆಮೇಲೆ "ಊಟ ಬೇಡ, ಹೊಟ್ಟೆ ತುಂಬಿದೆ" ಅಂದ. ತುಂಬದೆ ಏನು.

ಮಂಡಕ್ಕಿ ನನ್ನನ್ನು ತುಂಬಾ ಹೊತ್ತು ಕಾಡಿತು. ಪುಸ್ತಕದಲ್ಲಿ 325 ಅಂತ ಇದೆ, ಹೆಚ್ಚು ಕಡಿಮೆ ಅಕ್ಕಿಯಷ್ಟೇ. ಅದು ಹೇಗೆ? ಜಾತ್ರೆಯಲ್ಲಿ ಒಂದು ಪೊಟ್ಟಣ ಮಂಡಕ್ಕಿ ತಿಂದರೂ ಮನೆಗೆ ಬರುವಷ್ಟರಲ್ಲಿ ಹಸಿವಾಗುತ್ತಲ್ಲ? ಕೊನೆಗೆ ನಮ್ಮ ಮನೆಯ ಪಾವು ತಗೊಂಡು ಅಳೆದೆ. ಒಂದು ಪಾವು ಅಕ್ಕಿ 200 ಗ್ರಾಂ ತೂಗಿತು, 690 ಕ್ಯಾಲೊರಿ. ಅದೇ ಪಾವಲ್ಲಿ ಮಂಡಕ್ಕಿ ತೂಗಿದರೆ 25 ಗ್ರಾಂ! ಬರೀ 81 ಕ್ಯಾಲೊರಿ. ಒಳಗೆಲ್ಲ ಗಾಳಿ. ಕಣ್ಣು ಪಾವಿನ ಲೆಕ್ಕ ನೋಡುತ್ತೆ, ಪುಸ್ತಕ ತಕ್ಕಡಿಯ ಲೆಕ್ಕ ಹೇಳುತ್ತೆ. ಆಲೂಗಡ್ಡೆಯದು ಇದರ ತಿರುಗುಮುರುಗು. ಹಸಿ ಆಲೂಗಡ್ಡೆ 97. ಎಣ್ಣೆಯಲ್ಲಿ ಕರಿದು ಚಿಪ್ಸ್ ಮಾಡಿದರೆ ನೀರು ಹೊರಗೆ ಹೋಗಿ ಎಣ್ಣೆ ಒಳಗೆ ಬಂದು 500 ದಾಟುತ್ತೆ, ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ ನೋಡಿ. ಕಾಲೇಜಿಗೆ ಹೋಗುವ ನಮ್ಮಕ್ಕ ಒಬ್ಬಳು ದಪ್ಪ ಆಗ್ತೀನಿ ಅಂತ ಮುದ್ದೆ ಬಿಟ್ಟು ಚಿಪ್ಸ್ ತಿಂತಾಳೆ. ಅವಳು ಈ ಗೋಡೆ ಪತ್ರಿಕೆ ಓದಲ್ಲ, ಅದಕ್ಕೇ ಬರೆದೆ.

ನಮ್ಮ ತಿಪಟೂರು ಸೀಮೆಯವರು ತೆಂಗಿನ ವಿಷಯ ಬಿಟ್ಟರೆ ಆಗುತ್ತಾ? ಪಕ್ಕದ ಚಿತ್ರ ನೋಡಿ. (ಚಿತ್ರ ಬರೆದವನು ನನ್ನ ಸಹಪಾಠಿ. ಕೊಬ್ಬರಿ ಕ್ರಿಕೆಟ್ ಚೆಂಡಿನ ಹಾಗೆ ಕಾಣ್ತಿದೆ, ಕ್ಷಮಿಸಿ.) ಒಂದೇ ಮರದ ಒಂದೇ ಕಾಯಿ, ವಯಸ್ಸಾದ ಹಾಗೆ ಅದರ ಕ್ಯಾಲೊರಿ ಹೇಗೆ ಏರುತ್ತೆ ಅಂದರೆ: ಎಳನೀರು 24, ಎಳೆ ಗಂಜಿ 41, ಬಲಿತ ಕಾಯಿ 444, ಒಣ ಕೊಬ್ಬರಿ 662, ಕೊಬ್ಬರಿ ಎಣ್ಣೆ 900. ಒಂದು ಎಳನೀರಲ್ಲಿ 300 ಮಿ.ಲೀ. ಇದ್ದರೆ ಅದು 72 ಕ್ಯಾಲೊರಿ. ಎರಡು ಚಮಚ ಸಕ್ಕರೆ, ಅರ್ಧ ಲೋಟ ಹಾಲು ಹಾಕಿದ ಒಂದು ಟೀಗೂ ಅಷ್ಟೇ, 74. ಅದೇ ಕಾಯಿಯನ್ನು ಕೀಳದೆ ಮರದಲ್ಲಿ ಬಲಿಯಲು ಬಿಟ್ಟರೆ ಒಳಗೆ ಎಣ್ಣೆ ಅಂಶ ತುಂಬುತ್ತೆ. ಬಲಿತ ಕಾಯಲ್ಲಿ ನೂರಕ್ಕೆ 36 ಪಾಲು ನೀರು, 41.6 ಪಾಲು ಕೊಬ್ಬು. ಅದನ್ನು ಮಟ್ಟೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಕಿರ್ತೀವಲ್ಲ, ಆಗ ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುತ್ತೆ. ಹಾಗೆ ಆದ ಕೊಬ್ಬರಿಯಲ್ಲಿ ನೀರು 4 ಪಾಲು, ಕೊಬ್ಬು 62. ಅಟ್ಟದ ಮೇಲೆ ಯಾರೂ ಹೊಸದಾಗಿ ಏನೂ ಹಾಕಿಲ್ಲ. ನೀರು ಹೋಗಿದೆ, ಶಕ್ತಿ ಉಳಿದಿದೆ, ಅಷ್ಟೇ.

ಇಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪು ಹೇಳಬೇಕು. ಬೇಯಿಸಿದ ಅನ್ನವನ್ನು ತೂಗಿದೆ, 240 ಗ್ರಾಂ ಬಂತು. 345ರ ಲೆಕ್ಕದಲ್ಲಿ ಗುಣಿಸಿ 828 ಅಂತ ಬರೆದೆ. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು. 345 ಎಂಬುದು ಒಣ ಅಕ್ಕಿಗೆ. ಅನ್ನ ಆಗುವಾಗ ಅಕ್ಕಿ ಎರಡರಷ್ಟು ನೀರು ಕುಡಿಯುತ್ತೆ. ನೀರಿಗೆ ಸೊನ್ನೆ ಅಲ್ವಾ? 240 ಗ್ರಾಂ ಅನ್ನದಲ್ಲಿ ಅಕ್ಕಿ ಇರೋದು 80 ಗ್ರಾಂ, ಅಂದರೆ 276 ಕ್ಯಾಲೊರಿ. ಮುದ್ದೆಯೂ ಹಾಗೇ. 300 ಗ್ರಾಂ ಮುದ್ದೆಯಲ್ಲಿ ಹಿಟ್ಟು 100 ಗ್ರಾಂ. ಆದ್ದರಿಂದ ಒಲೆಗೆ ಹಾಕುವ ಮೊದಲೇ ತೂಗಬೇಕು. ಈ ತಪ್ಪು ಮಾಡಿದರೆ ಇಡೀ ಮನೆಯವರು ಬಕಾಸುರರ ಹಾಗೆ ಕಾಣುತ್ತಾರೆ.

ಶಾಲೆಯ ಬಿಸಿಯೂಟವನ್ನೂ ಲೆಕ್ಕ ಹಾಕಿದೆವು. 6ರಿಂದ 8ನೇ ತರಗತಿಯವರಿಗೆ ದಿನಕ್ಕೆ ತಲಾ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ, ಇದರಿಂದ 700 ಕ್ಯಾಲೊರಿ ಸಿಗಬೇಕು ಅಂತ ಸರ್ಕಾರದ ನಿಯಮ. ಅಕ್ಕಿಗೆ 517, ಬೇಳೆಗೆ 100, ಎಣ್ಣೆಗೆ 67, ತರಕಾರಿಗೆ ಸುಮಾರು 20. ಕೂಡಿ ನೋಡಿ, ಲೆಕ್ಕ ಸರಿ ಇದೆ. ಅಡುಗೆಯಮ್ಮನಿಗೆ ಹೇಳಿದೆ. "ನಾನು ಕೈಯಳತೇಲೇ ಹಾಕೋದು ಕಣಮ್ಮ, ನಿನ್ನ ಲೆಕ್ಕ ಹೆಂಗೆ ಸರಿ ಬಂತು" ಅಂತ ಅವರಿಗೇ ಆಶ್ಚರ್ಯ.

ಆಮೇಲೆ ಮೇಷ್ಟ್ರು ಮನೆಯವರ ಒಂದು ದಿನದ ಊಟ ಪೂರ್ತಿ ಬರೆದು ತಾ ಅಂದ್ರು. ನಮ್ಮ ಮನೆಯಲ್ಲಿ ಐದು ಜನ: ಅಜ್ಜಿ, ಅಪ್ಪ, ಅಮ್ಮ, ನಾನು, ತಮ್ಮ. ಆವತ್ತು ದಂಟಿನ ಸೊಪ್ಪಿನ ಬಸ್ಸಾರು, ಮುದ್ದೆ, ರಾತ್ರಿಗೆ ಅನ್ನ. ಮೇಷ್ಟ್ರ ಚಿಕ್ಕ ಬ್ಯಾಟರಿ ತಕ್ಕಡಿ ತಂದು ಬೆಳಗ್ಗೆಯಿಂದ ರಾತ್ರಿವರೆಗೆ ಎಲ್ಲರ ತಟ್ಟೆ ಹಿಂದೆ ಓಡಾಡಿದೆ. ಅಪ್ಪನಿಗೆ ರೇಗಿತು. "ಊಟಕ್ಕೆ ಕೂತವರನ್ನ ತೂಗ್ತಾರೇನೇ?" ಅಂದ್ರು.

ಅಜ್ಜಿಯ ಲೆಕ್ಕ ಮೊದಲು ಹಾಕಿದೆ. ನಮ್ಮಜ್ಜಿ ಏನೂ ತಿನ್ನಲ್ಲ, ಬರೀ ಟೀ ಕುಡೀತಾರೆ ಅಂತ ಮನೆಯಲ್ಲಿ ಮಾತು. ಆ ಬರೀ ಟೀ ದಿನಕ್ಕೆ ಐದು ಲೋಟ. 370 ಕ್ಯಾಲೊರಿ, ಒಂದು ಮುದ್ದೆಗಿಂತ ಜಾಸ್ತಿ! ಎಲ್ಲ ಸೇರಿ ಅಜ್ಜಿಯದು 1,180. ಅಪ್ಪನದು 2,640. ಹೈದರಾಬಾದಿನವರು 2020ರಲ್ಲಿ ಹೇಳಿದ ಪ್ರಕಾರ ಮಧ್ಯಮ ಕೆಲಸ ಮಾಡುವ ಗಂಡಸಿಗೆ 2,710 ಬೇಕು. ಅಪ್ಪನದು ಹತ್ತಿರ ಇದೆ.

ಅಮ್ಮನದು ಹಾಕಿದೆ. ಟೀ ಎರಡು, 148. ಮುದ್ದೆ ಎರಡು, 656. ಅನ್ನ 276. ಸಾರು ಮೂರು ಹೊತ್ತು, ಒಂದೊಂದು ಹೊತ್ತಿಗೆ 60ರ ಹಾಗೆ 180. ಮಜ್ಜಿಗೆ ಎರಡು ಲೋಟ, 60. ಒಟ್ಟು 1,320.

ಕೂಡಿದ್ದು ತಪ್ಪಾಯಿತು ಅಂತ ಮೂರು ಸಲ ಕೂಡಿದೆ. ಅಷ್ಟೇ ಬಂತು. ಅಮ್ಮ ಬೆಳಗ್ಗೆ ಐದಕ್ಕೆ ಎದ್ದು ನೀರು ಹೊತ್ತು, ಕೊಟ್ಟಿಗೆ ಬಾಚಿ, ಅಡುಗೆ ಮಾಡಿ, ಹತ್ತು ಗಂಟೆಗೆ ಕಳೆ ಕೀಳೋಕೆ ಕೂಲಿಗೆ ಹೋಗಿ ಸಂಜೆ ಬರ್ತಾರೆ. ಅಜ್ಜಿ ಜಗುಲಿ ಮೇಲೆ ಕೂತಿರ್ತಾರೆ. ಇಬ್ಬರ ಲೆಕ್ಕಕ್ಕೂ 140 ಮಾತ್ರ ವ್ಯತ್ಯಾಸ. ಎರಡು ಲೋಟ ಟೀಯಷ್ಟು.

ಮಧ್ಯಮ ಕೆಲಸದ ಹೆಂಗಸಿಗೆ 2,130 ಬೇಕು ಅಂತ ಇದೆ. ಅದು 55 ಕಿಲೋ ತೂಕದವರಿಗೆ, ನಿಮ್ಮಮ್ಮನ ತೂಕ ಎಷ್ಟು ಅಂತ ಮೇಷ್ಟ್ರು ಕೇಳಿದರು. ಆರೋಗ್ಯ ಕೇಂದ್ರದ ಚೀಟಿಯಲ್ಲಿ 44 ಕಿಲೋ ಅಂತಿತ್ತು. ತ್ರೈರಾಶಿ ಹಾಕಿದೆ: 55ಕ್ಕೆ 2,130 ಆದರೆ 44ಕ್ಕೆ ಎಷ್ಟು? 1,704. ತ್ರೈರಾಶಿ ಎಲ್ಲಿ ಉಪಯೋಗ ಆಗುತ್ತೆ ಅಂತ ಕೇಳ್ತಿದ್ದೆವಲ್ಲ, ಇಲ್ಲಿ ಆಯಿತು. ಆ ಲೆಕ್ಕದಲ್ಲೂ 384 ಕಡಿಮೆ.

ನನಗೆ ಅರ್ಥ ಆಗದೇ ಇದ್ದದ್ದು ಇದು. ಅಮ್ಮ ತಿನ್ನುವುದನ್ನು ನಾನು ದಿನಾ ನೋಡ್ತೀನಿ. ನಮ್ಮ ತಟ್ಟೆಯಲ್ಲಿ ಮುದ್ದೆ, ಅಮ್ಮನ ತಟ್ಟೆಯಲ್ಲೂ ಅಷ್ಟೇ ಗಾತ್ರದ ಮುದ್ದೆ. ನಮಗೆ ಸಾರು, ಅಮ್ಮನಿಗೂ ಸಾರು. ಮತ್ತೆ 384 ಎಲ್ಲಿ ಹೋಯಿತು?

ಬಸ್ಸಾರಿನ ಲೆಕ್ಕ ಬಿಡಿಸಿದಾಗ ಸಿಕ್ಕಿತು. ಬಸ್ಸಾರು ಮಾಡುವುದು ಹೇಗೆ ಅಂತ ಹುಡುಗರಿಗೆ ಗೊತ್ತಿರಲ್ಲ, ಹೇಳ್ತೀನಿ. ಬೇಳೆ ಮತ್ತು ಸೊಪ್ಪನ್ನು ಒಟ್ಟಿಗೆ ಬೇಯಿಸಿ, ನೀರನ್ನು ಬಸಿಯುತ್ತಾರೆ. ಬಸಿದ ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು. ಉಳಿದ ಬೇಳೆ ಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿ ತುರಿ ಹಾಕಿದರೆ ಪಲ್ಯ. ಆವತ್ತು ಸೊಪ್ಪು ಅರ್ಧ ಕಿಲೋ, 225 ಕ್ಯಾಲೊರಿ. ಬೇಳೆ 150 ಗ್ರಾಂ, 502. ಎಣ್ಣೆ 30 ಗ್ರಾಂ, 270. ಕಾಯಿ 60 ಗ್ರಾಂ, 266. ಒಟ್ಟು 1,263. ಇದು ಹೆಚ್ಚು ಕಡಿಮೆ ಪೂರ್ತಿ ಪಲ್ಯಕ್ಕೇ ಹೋಯಿತು. ಐದು ಜನಕ್ಕೆ ಸಮ ಹಂಚಿದರೆ ತಲಾ 250. ಬಸಿದ ನೀರಿಗೆ ರುಚಿ ಬಂತು, ಕ್ಯಾಲೊರಿ ಬರಲಿಲ್ಲ.

ಅಮ್ಮ ಕೊನೆಗೆ ಕೂತಾಗ ಮುದ್ದೆ ಇತ್ತು, ಸಾರು ಇತ್ತು. ಪಲ್ಯ ಇರಲಿಲ್ಲ. ಅಪ್ಪ ಎರಡು ಸಲ ಹಾಕಿಸಿಕೊಂಡಿದ್ದರು. ನಾನೂ ಎರಡು ಸಲ ಹಾಕಿಸಿಕೊಂಡಿದ್ದೆ, ಅದನ್ನೂ ಬರೆದಿದ್ದೀನಿ. ತಮ್ಮ ಬಾಣಲೆ ಕೆರೆದಿದ್ದ. ಅಮ್ಮ ಸಾರು ಸಾಲದು ಅಂತ ಒಂದು ಲೋಟ ಬಿಸಿನೀರು ಬೆರೆಸಿ ಉಪ್ಪು ಹಾಕಿಕೊಂಡು ತಿಂದರು. ತಟ್ಟೆ ತುಂಬಿತ್ತು. ನೋಡಿದವರು ಯಾರೂ ಕಡಿಮೆ ತಿಂದರು ಅನ್ನಲ್ಲ. ಮುದ್ದೆ ದೊಡ್ಡದಾಗಿ ಕಾಣುತ್ತೆ, ಅದು ಯಾವತ್ತೂ ಮಿಗುತ್ತೆ. ಕಾಯಿ, ಎಣ್ಣೆ, ಕಡಲೆಬೀಜದ ಚಟ್ನಿ, ಇಂಥ ಚಿಕ್ಕ ಚಿಕ್ಕವು ಮೊದಲು ಖಾಲಿ ಆಗುತ್ತವೆ, ಶಕ್ತಿ ಗಟ್ಟಿಯಾಗಿ ಕೂತಿರುವುದು ಅವುಗಳಲ್ಲೇ.

ಅಮ್ಮನಿಗೆ ಹೋದ ಬೇಸಿಗೆಯಿಂದ ಹೊಲದಲ್ಲಿ ತಲೆ ಸುತ್ತು ಬರುತ್ತೆ. ಬಿಸಿಲಿಗೆ ಅಂತ ನಾವು ಅಂದುಕೊಂಡಿದ್ದೆವು. ಅದಕ್ಕೆ ಕ್ಯಾಲೊರಿಯೇ ಕಾರಣ ಅಂತ ನಾನು ಬರೆಯಲ್ಲ. ರಕ್ತದಲ್ಲಿ ಕಬ್ಬಿಣ ಅಂಶ ಕಡಿಮೆ ಇದ್ದರೂ ಹಾಗಾಗುತ್ತೆ, ಕ್ಯಾಲೊರಿ ಲೆಕ್ಕದಲ್ಲಿ ಕಬ್ಬಿಣ ಕಾಣಿಸಲ್ಲ ಅಂತ ಮೇಷ್ಟ್ರು ಹೇಳಿದರು. ಆಶಾ ಅಕ್ಕ ಬಂದು ಪರೀಕ್ಷೆಗೆ ಕರೆದುಕೊಂಡು ಹೋದರು. ರಕ್ತ ಕಡಿಮೆ ಇದೆ ಅಂತ ಮಾತ್ರೆ ಕೊಟ್ಟಿದ್ದಾರೆ. ಒಂದೇ ದಿನದ ಲೆಕ್ಕ ನಂಬಬೇಡ, ಮೂರು ದಿನ ಮಾಡು ಅಂತಲೂ ಮೇಷ್ಟ್ರು ಹೇಳಿದರು. ಮಾಡಿದೆ. ಎರಡನೇ ದಿನ 1,350, ಮೂರನೇ ದಿನ 1,290.

ರಾತ್ರಿ ಅಜ್ಜಿಗೆ ಓದಿ ಹೇಳಿದೆ. ಕ್ಯಾಲೊರಿ ಅಂದರೆ ಅಜ್ಜಿಗೆ ಗೊತ್ತಾಗಲಿಲ್ಲ. ಆದರೆ "ನಿನಗೂ ಅಮ್ಮನಿಗೂ ಬರೀ ಎರಡು ಲೋಟ ಟೀ ವ್ಯತ್ಯಾಸ" ಅಂದಿದ್ದು ಗೊತ್ತಾಯಿತು. ಸುಮ್ಮನೆ ಕೂತಿದ್ದರು. ನಾನು ಬೈಸಿಕೊಳ್ತೀನಿ ಅಂದುಕೊಂಡೆ. ಮಾರನೇ ದಿನ ಅಮ್ಮ ಬಡಿಸೋಕೆ ಬಂದಾಗ ಅಜ್ಜಿ ಸೌಟು ಕಿತ್ತುಕೊಂಡು, "ಐದು ತಟ್ಟೆ ಇಡು, ಪಲ್ಯ ನಾನ್ ಹಾಕ್ತೀನಿ. ಎರಡ್ನೇ ಸಲ ಯಾವನಿಗೂ ಇಲ್ಲ" ಅಂದ್ರು. ಅಪ್ಪನಿಗೂ ಸೇರಿಸಿಯೇ ಅಂದಿದ್ದು. ಅಪ್ಪ ನನ್ನ ಕಡೆ ನೋಡಿದರು. ನಾನು ಮುದ್ದೆ ಕಡೆ ನೋಡಿದೆ.

ಎರಡು ವಾರ ಬಿಟ್ಟು ಮತ್ತೆ ಅಮ್ಮನ ಲೆಕ್ಕ ಹಾಕಿದೆ. ಪಲ್ಯದ 250 ಸೇರಿ 1,570. ಇನ್ನೂ 134 ಕಡಿಮೆ. 134 ಅಂದರೆ 20 ಗ್ರಾಂ ಕೊಬ್ಬರಿ, ಹೆಬ್ಬೆಟ್ಟಿನಷ್ಟು ಚೂರು. ನಮ್ಮ ಅಟ್ಟದ ತುಂಬ ಕೊಬ್ಬರಿಯೇ ಇದೆ. ಆದರೆ ಕೊಬ್ಬರಿ ಇರೋದು ತಿಪಟೂರು ಮಾರ್ಕೆಟ್ಟಿಗೆ, ಅದರಲ್ಲೇ ಸಾಲ, ಬಟ್ಟೆ, ನಮ್ಮ ಪುಸ್ತಕ ಎಲ್ಲ ಆಗಬೇಕು. ತಿನ್ನೋಕೆ ತೆಗೆದರೆ ಅಪ್ಪ ಸುಮ್ಮನಿರಲ್ಲ. ಅಜ್ಜಿಗೆ ಹೇಳಿದೆ. ಕಾಯಿ ಸುಲಿಯುವಾಗ ಒಡೆದು ಹೋದ ಕೊಬ್ಬರಿಗೆ ಮಾರ್ಕೆಟ್ಟಲ್ಲಿ ಹೆಂಗೂ ರೇಟಿಲ್ಲ, ಅದು ಮನೆಗೆ ಇರಲಿ ಅಂತ ಅಜ್ಜಿ ಅಪ್ಪನಿಗೆ ಹೇಳಿದ್ದಾರೆ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಹೋದ ಭಾನುವಾರ ಒಡಕು ಕೊಬ್ಬರಿ ಒಂದು ಡಬ್ಬಿಯಲ್ಲಿ ಅಡುಗೆ ಮನೆಗೆ ಬಂದಿದೆ. ಅಮ್ಮ ಅದರಿಂದ ನನ್ನ ತಮ್ಮನಿಗೆ ಕೊಡುವುದನ್ನು ಎರಡು ಸಲ ಹಿಡಿದಿದ್ದೀನಿ.

ಮೇಷ್ಟ್ರ ತಕ್ಕಡಿ ವಿಜ್ಞಾನದ ಕೋಣೆಯ ಕಪಾಟಿನಲ್ಲಿದೆ. ಬೇಕಾದವರು ಹೆಸರು ಬರೆಸಿ ಒಂದು ದಿನಕ್ಕೆ ತೆಗೆದುಕೊಂಡು ಹೋಗಬಹುದು. ಶನಿವಾರ ಮಾತ್ರ ಕೇಳಬೇಡಿ, ಅವತ್ತು ನನಗೆ ಬೇಕು. ಅಂಕಿಗಳ ಪಟ್ಟಿಯನ್ನು ಈ ಹಾಳೆಯ ಕೆಳಗೆ ಬೇರೆ ಅಂಟಿಸಿದ್ದೀನಿ. ಒಲೆಗೆ ಹಾಕುವ ಮೊದಲು ತೂಗಿ, ಮತ್ತು ಕೊನೆಗೆ ಊಟಕ್ಕೆ ಕೂರುವವರ ತಟ್ಟೆ ಬರೆಯುವವರೆಗೆ ಮಲಗಬೇಡಿ. ನಮ್ಮ ಮನೆಯಲ್ಲಿ ಅದು ರಾತ್ರಿ ಹತ್ತು ಗಂಟೆ.

– 7ನೇ ತರಗತಿಯ ವಿದ್ಯಾರ್ಥಿನಿ